ನೂಲಿನ ಕೋಣೆಯ ತೋಟಾಗಳು

ನಮ್ಮ ಮನೆಯಲ್ಲಿ ಕಸ ಗುಡಿಸುವ ಮೊದಲು ನೆಲಕ್ಕೆ ಸುದ್ದಿ ಮುಟ್ಟಿಸಬೇಕಾಗಿತ್ತು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಅವಳು ಕಸಬರಿಗೆಯ ಹಿಡಿಯಿಂದ ಮೂಲೆ ಮೂಲೆಗೆ ಮೆಲ್ಲಗೆ ತಟ್ಟಿ, "ಸರೀರಿ ತಾಯಿ, ಸರೀರಿ" ಎಂದು ಇರುವೆ, ಜೇಡ, ಜಿರಲೆಗಳಿಗೆಲ್ಲ ಓಡಿಹೋಗಲು ಹೊತ್ತು ಕೊಟ್ಟು ಆಮೇಲೆ ಗುಡಿಸುತ್ತಿದ್ದಳು. ಕುಡಿಯುವ ನೀರನ್ನು ಮಡಿಚಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಗಳನ್ನು ತಿರುಗಿ ಬಾವಿಗೇ ಬಿಡುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಯಾಕೆಂದರೆ ದೀಪ ಹಚ್ಚಿದರೆ ಹುಳ ಬಂದು ಬಿದ್ದು ಸಾಯುತ್ತವೆ. ರಬಕವಿಯ ಜೈನರ ಮನೆಗಳಲ್ಲಿ ಇದೇನು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ, ಇದೇ ಮನೆಯ ಹಿಂದಿನ ಕೋಣೆಯಲ್ಲಿ ನಮ್ಮಪ್ಪ ಮಿಲಿಟರಿ ರೈಫಲ್ಲಿನ ತೋಟಾ ತುಂಬುತ್ತಿದ್ದ. ಇವೆರಡೂ ಒಂದೇ ಸೂರಿನ ಕೆಳಗೆ ಹೇಗೆ ನಡೆದುಕೊಂಡು ಹೋದವು ಎಂದು ಯಾರಾದರೂ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ಆಗಲೂ ಗೊತ್ತಿರಲಿಲ್ಲ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಈಗಲೂ ಗೊತ್ತಿಲ್ಲ.

ಅಪ್ಪನದು ಬನಹಟ್ಟಿಯಲ್ಲಿ ನೂಲಿನ ಅಂಗಡಿ. ಜಮಖಂಡಿಯಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವನು, ಮುಂದೆ ಅದನ್ನು ಬಿಡಲೇ ಇಲ್ಲ. ಮುಧೋಳದಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದರು. ಎತ್ತರದ ಆಳು, ಗಿರಿಜಾ ಮೀಸೆ, ಮಾತಾಡಿದರೆ ಮೂರು ಮನೆಗೆ ಕೇಳುವ ದನಿ. ನಾವು ಅವರಿಗೆ ಸುಬೇದಾರ ಕಾಕಾ ಅನ್ನುತ್ತಿದ್ದೆವು. ದೊಡ್ಡ ಯುದ್ಧದ ಕಾಲದ ಒಂದು ರೈಫಲ್ ಅವರ ಹತ್ತಿರ ಇತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಅದನ್ನು ಸರಕಾರದ ಪರವಾನಗಿ ಮಾಡಿಸಿ ಅಪ್ಪನಿಗೆ ಒಪ್ಪಿಸಿದ್ದರು. ಬೇಟೆಗಲ್ಲ, ಗುರಿ ಸ್ಪರ್ಧೆಗೆ. ಅಂಥ ಹಳೆಯ ರೈಫಲ್ಲುಗಳದೇ ಒಂದು ಸ್ಪರ್ಧೆ ಇರುತ್ತದೆ. ಕಪ್ಪು ದುಂಡು ಬರೆದ ಕಾಗದ, ದೂರದಲ್ಲಿ ಮಣ್ಣಿನ ದಿಬ್ಬ, ಅಷ್ಟೇ. ಆ ರೈಫಲ್ಲಿಗೆ ಹೊಸ ತೋಟಾ ಸಿಗುವುದು ಕಷ್ಟ, ಸಿಕ್ಕರೂ ಗುರಿಗೆ ಸರಿಹೋಗುವುದಿಲ್ಲ. ಅದಕ್ಕೆ ಹೊಡೆದ ತೋಟಾದ ಖಾಲಿ ಹಿತ್ತಾಳೆ ನಳಿಗೆಗಳನ್ನು ಆರಿಸಿಕೊಂಡು ಬಂದು, ಮನೆಯಲ್ಲೇ ಮತ್ತೆ ಮದ್ದು ತುಂಬಿ, ಗುಂಡು ಕೂರಿಸಬೇಕು. ಅದಕ್ಕೂ ಬೇರೆ ಪರವಾನಗಿ. ಆಯಿಗೂ ಅಪ್ಪನಿಗೂ ಈ ವಿಷಯದಲ್ಲಿ ನಡೆದ ಜಗಳ ನಾನು ಕೇಳಿದ್ದು ಒಂದೇ ಒಂದು ಸಲ.

"ಅದು ಕಾಗದಕ್ಕ ಹೊಡಿಯೂದವ್ವಾ. ಕಾಗದಕ್ಕ ಜೀವ ಎಲ್ಲೈತಿ?"

"ಕಾಗದಕ್ಕ ಇಲ್ಲಪಾ, ಖರೆ. ಗುಂಡಿಗೆ ಕಣ್ಣ ಅದಾವೇನು, ಇದು ಕಾಗದ, ಇದು ಎದಿ ಅಂತ ನೋಡಾಕ?"

ಅಂದಿನಿಂದ ಆಯಿ ಹಿಂದಿನ ಆ ನೂಲಿನ ಕೋಣೆಯ ಹೊಸ್ತಿಲು ದಾಟಲಿಲ್ಲ. ಆಣೆ ಇಟ್ಟಳೋ, ವ್ರತ ಹಿಡಿದಳೋ, ಯಾರಿಗೂ ಹೇಳಲಿಲ್ಲ. ಆ ಕೋಣೆಯ ಮುಂದೆ ಹಾಯುವಾಗ ಸೆರಗನ್ನು ಆಚೆ ಬದಿಗೆ ಎಳೆದುಕೊಂಡು ಹೋಗುತ್ತಿದ್ದಳು. ಊಟಕ್ಕೆ ಮಾತ್ರ ಅದೇ ಮಗನ ತಾಟಿಗೆ ಎಲ್ಲರಿಗಿಂತ ಹೆಚ್ಚು ತುಪ್ಪ ಬಡಿಸುತ್ತಿದ್ದಳು. ನಾನು ಮಗುವಾಗಿ ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕಾಗಿತ್ತು, ಹೇಳಿ.

ಹಿಂದೆ ನೂಲಿನ ಗಂಟುಗಳನ್ನು ಇಡುತ್ತಿದ್ದ ಕೋಣೆ ಅದು. ಗಂಟುಗಳು ಅಂಗಡಿಗೆ ಹೋದ ಮೇಲೂ ಗಂಜಿಯ ವಾಸನೆ ಹೋಗಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲಿನ ಕೋಲು ಇಳಿದು ಮಧ್ಯಾಹ್ನಕ್ಕೆ ಸರಿಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಆ ಮೇಜಿಗೆ ಒಂದು ಕಬ್ಬಿಣದ ಒತ್ತು ಯಂತ್ರ ಬಿಗಿದಿತ್ತು. ಅದರ ಕೈ ಒತ್ತಿದರೆ ಉಬ್ಬಿದ ನಳಿಗೆ ಮತ್ತೆ ತನ್ನ ಅಳತೆಗೆ ಬರುತ್ತಿತ್ತು. ಹಳೆಯ ಟೋಪಿ, ಅಂದರೆ ತಳದಲ್ಲಿದ್ದು ಕಿಡಿ ಕೊಡುವ ಚಿಕ್ಕ ಬಿಲ್ಲೆ, ಹೊರಗೆ ಬೀಳುತ್ತಿತ್ತು. ಅಲ್ಲಿ ಹೊಸ ಟೋಪಿ, ಆಮೇಲೆ ಮದ್ದು, ಆಮೇಲೆ ಸೀಸದ ಗುಂಡು. ಪಕ್ಕದ ಓಣಿಯ ಮಗ್ಗಗಳು ದಿನವಿಡೀ ಖಟಾಖಟ್ ಅನ್ನುತ್ತಿದ್ದವು. ಆ ಸದ್ದಿನೊಳಗೆ ಅಪ್ಪ ಮೂಗು ಮೇಜಿಗೆ ಹಚ್ಚಿ ಕೂತಿರುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಗಂಟಲು ಹರಿದುಕೊಳ್ಳುವ ಮನುಷ್ಯ ಇಲ್ಲಿ ಉಸಿರು ಕೂಡ ಲೆಕ್ಕ ಹಾಕಿ ಬಿಡುತ್ತಿದ್ದ.

ನಳಿಗೆ ತೊಳೆಯುವುದು ಹುಣಸೆಹಣ್ಣಿನ ನೀರಿನಲ್ಲಿ. ದೇವರ ಕಲಶ ಬೆಳಗುವ ಹುಣಸೆಹಣ್ಣೇ ಅದು, ಡಬ್ಬಿ ಬೇರೆ ಅಷ್ಟೇ. ಅವ್ವನಿಗೆ ರೈಫಲ್ಲಿನ ಬಗ್ಗೆ ಧರ್ಮದ ಪ್ರಶ್ನೆಗಳೇನೂ ಇರಲಿಲ್ಲ, ಅವಳ ಜಗಳವೆಲ್ಲ ಜಾಗದ್ದು. ತೊಳೆದ ನಳಿಗೆಗಳನ್ನು ಅಪ್ಪ ಮಾಳಿಗೆಯ ಮೇಲೆ, ಶಾವಿಗೆ ಒಣಹಾಕುವ ಹೊರಸಿನ ಮೇಲೆ ಹರವುತ್ತಿದ್ದ.

"ಶಾವಿಗಿ ತಿನ್ನೋರು ತಿನ್ರಿ, ಗುಂಡ ತಿನ್ನೋರು ತಿನ್ರಿ, ನನಗೊಂದ ಹೊರಸ ಬಿಡ್ರಿ!" ಎಂದು ಅವ್ವ ಮೆಟ್ಟಿಲಿನಿಂದಲೇ ಕೂಗುತ್ತಿದ್ದಳು.

ಸೀಸದ ಗುಂಡಿಗೆ ಸವರುವ ಜಿಡ್ಡಿನದು ಇನ್ನೊಂದು ಕತೆ. ಸುಬೇದಾರ ಕಾಕಾ ಹೇಳಿಕೊಟ್ಟದ್ದು ಜೇನುಮೇಣ ಮತ್ತು ಕುರಿಯ ಕೊಬ್ಬು. ಪಡಸಾಲೆಯಲ್ಲಿ ಕೂತು ಅವರು ಅಷ್ಟು ಹೇಳಿದ್ದೇ ತಡ, ಒಳಗೆ ಆಯಿಯ ಕೈಯಿಂದ ತಂಬಿಗೆ ಜಾರಿತು. ಕೊಬ್ಬಂತೂ ಹೊಸ್ತಿಲಿಗೆ ಬರುವಂತಿಲ್ಲ. ಜೇನು ನಮ್ಮವರು ಔಷಧಕ್ಕೂ ಮುಟ್ಟುವುದಿಲ್ಲ, ಹುಳಗಳ ಮನೆ ಹಾಳು ಮಾಡಿ ತಂದದ್ದು ಅಂತ. ಅಪ್ಪ ತಲೆ ಕೆರೆದುಕೊಂಡು, ಕೊನೆಗೆ ಔಡಲ ಎಣ್ಣೆಗೆ, ಅಂದರೆ ಹರಳೆಣ್ಣೆಗೆ, ಮೇಣದಬತ್ತಿ ಕರಗಿಸಿ ತನ್ನದೇ ಒಂದು ಜಿಡ್ಡು ಮಾಡಿಕೊಂಡ. ಸುಬೇದಾರ ಕಾಕಾ ಅದನ್ನು ಮೂಸಿ ನೋಡಿ, "ಏನಪಾ, ಗುಂಡಿಗೆ ಜುಲಾಬ ಕೊಡಾಕತ್ತೀಯೇನು?" ಎಂದು ಮನೆ ನಡುಗುವ ಹಾಗೆ ನಕ್ಕಿದ್ದರು. ಆದರೆ ಆ ಗುಂಡುಗಳು ಗುರಿಗೆ ಚೆನ್ನಾಗಿಯೇ ಹೋದವು. ಹಿಂಸೆಯಿಲ್ಲದ ಗುಂಡು ಮಾಡಿದೆ ಎಂದು ಅಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಆ ಮಾತಿಗೆ ನಗಬೇಕೋ ಬೇಡವೋ ಎಂದು ನಾನು ಅವ್ವನ ಮುಖ ನೋಡುತ್ತಿದ್ದೆ, ಅವ್ವ ನನ್ನ ಮುಖ ನೋಡುತ್ತಿದ್ದಳು.

ನಾನು ಆ ಕೋಣೆಗೆ ಸೇರಿದ್ದು ಮದ್ದು ತೂಗಲು. ಅಕ್ಕಸಾಲಿಗರ ಒಂದು ಪುಟ್ಟ ತಕ್ಕಡಿ ಇತ್ತು, ಗಾಜಿನ ಪೆಟ್ಟಿಗೆಯೊಳಗೆ. ಅಪ್ಪನ ಕೈ ಅಂಗಡಿಯಲ್ಲಿ ಗಂಟು ಎತ್ತಿ ಎತ್ತಿ ಒರಟಾಗಿತ್ತು. ಕಾಳು ಹೆಚ್ಚು ಬೀಳುವುದು, ತೆಗೆಯುವುದು, ಮತ್ತೆ ಬೀಳುವುದು. ಒಂದು ದಿನ ಬೇಸತ್ತು ನನ್ನ ಕೈಗೆ ಚಮಚ ಕೊಟ್ಟ. ನನ್ನ ಕೈ ನಡುಗಲಿಲ್ಲ. ಅಂದಿನಿಂದ ಅದು ನನ್ನ ಕೆಲಸವಾಯಿತು. ಕರಿ ಎಳ್ಳಿನಂಥ ಮದ್ದನ್ನು ತೂಗಿ, ಪುಟ್ಟ ಆಲಿಕೆಯಿಂದ ಒಂದೊಂದೇ ನಳಿಗೆಗೆ ಸುರಿಯುತ್ತಿದ್ದೆ. ನಳಿಗೆಗಳು ತೂತು ಕೊರೆದ ಮರದ ಮಣೆಯ ಮೇಲೆ ಬಾಯಿ ಮೇಲಾಗಿ ನಿಂತಿರುತ್ತಿದ್ದವು. ಮದ್ದು ನಳಿಗೆಯ ತಳದಲ್ಲಿ ಮಾತ್ರ ಇರುವುದರಿಂದ, ಹಾಕಿದೆಯೋ ಇಲ್ಲವೋ ಎಂಬುದು ಮೇಲಿನಿಂದ ಸುಮ್ಮನೆ ನೋಡಿದರೆ ಗೊತ್ತಾಗುವುದಿಲ್ಲ. ಗುಂಡು ಕೂರಿಸುವ ಮೊದಲು ಪ್ರತಿ ಬಾಯಿಗೂ ಬ್ಯಾಟರಿ ಬಿಟ್ಟು ನೋಡಬೇಕು. ಅದು ಅಪ್ಪನ ಕೆಲಸ. ಶಾಲೆಯಲ್ಲಿ ನಾನು ಬುದ್ಧಿವಂತೆಯಲ್ಲ, ಮನೆಯಲ್ಲಿ ರೊಟ್ಟಿ ಬಡಿದರೆ ನಕ್ಷೆಯಾಗುತ್ತಿತ್ತು. ಆ ತಕ್ಕಡಿಯ ಮುಂದೆ ಮಾತ್ರ ನಾನೊಬ್ಬ ಮನುಷ್ಯಳು ಅನ್ನಿಸುತ್ತಿತ್ತು. "ನಮ್ಮ ಪದ್ಮಾನ ಕೈಯಾಗ ತೂಕ ಐತಿ" ಎಂದು ಅಪ್ಪ ಸುಬೇದಾರ ಕಾಕಾನ ಎದುರು ಹೇಳಿದ ದಿನ ನನಗೆ ಊಟ ಸೇರಿರಲಿಲ್ಲ, ಅಷ್ಟು ಖುಷಿ.

ಶ್ರಾವಣದ ಕೊನೆಯ ಮಳೆ ಹಿಡಿದಿದ್ದ ದಿನಗಳು. ಮರುದಿನ ಬೀಳಗಿ ದಾರಿಯ ಗುಡ್ಡದ ಬುಡದ ಚಾಂದಮಾರಿಯಲ್ಲಿ, ಅಂದರೆ ಗುಂಡು ಹೊಡೆಯುವ ಬಯಲಿನಲ್ಲಿ, ಜಿಲ್ಲೆಯಿಂದ ಆಟಗಾರರನ್ನು ಆರಿಸುವುದಿತ್ತು. ಅಪ್ಪ ಅದಕ್ಕಾಗಿ ಎಷ್ಟೋ ಕಾಲದಿಂದ ಕಾದಿದ್ದ. ಸಂಜೆಯ ಬೆಳಕು ಇಳಿಯುತ್ತಿರುವಾಗ ನಾನು ಕೊನೆಯ ನಳಿಗೆಗೆ ಮದ್ದು ಸುರಿದೆ. ಅಷ್ಟರಲ್ಲಿ ಅವ್ವ ಒಳಗಿನಿಂದ, "ಹೊತ್ತ ಮುಣಗತೈತಿ, ಉಣ್ಣಾಕ ಬರ್ತೀರೋ, ಇಲ್ಲಾ ಉಪಾಸ ಮಲಗ್ತೀರೋ?" ಎಂದು ಕೂಗಿದಳು.

"ಎಲ್ಲಾಕ್ಕೂ ಹಾಕೀಯೇನವಾ?" ಅಪ್ಪ ಕೇಳಿದ.

"ಹೂಂ ಅಪ್ಪಾ, ಹಾಕೇನಿ."

ಗುಂಡು ಬೆಳಿಗ್ಗೆ ಕೂರಿಸಿದರಾಯಿತು ಎಂದು ಮಣೆಯನ್ನು ಹಾಗೆಯೇ ಗೋಡೆಗೆ ಸರಿಸಿ, ಮದ್ದಿನ ಡಬ್ಬಿಯನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಊಟಕ್ಕೆ ಹೋದೆವು. ಬೆಳಿಗ್ಗೆ ಎದ್ದರೆ ಮಳೆಗೆ ಬಸ್ಸಿನ ನೆಚ್ಚಿಕೆಯಿಲ್ಲ, ಮೊದಲನೆಯದನ್ನೇ ಹಿಡಿಯಬೇಕು. ಅಪ್ಪ ಅವಸರದಲ್ಲಿ ಬ್ಯಾಟರಿ ಬಿಡಲಿಲ್ಲ. ನನ್ನ ಮಾತನ್ನು ನಂಬಿ, ಒಂದರ ಮೇಲೊಂದು ಗುಂಡು ಕೂರಿಸಿಕೊಂಡು ಹೊರಟ. ಮದ್ದು ತೂಗಿದವಳು ಅಂತ ಅವತ್ತು ಮೊದಲ ಸಲ ನನ್ನನ್ನೂ ಕರೆದುಕೊಂಡ. ಅವ್ವ ದಾರಿಗೆ ಕಟ್ಟಿಕೊಟ್ಟ ರೊಟ್ಟಿ ಶೇಂಗಾ ಹಿಂಡಿ ನನ್ನ ತೊಡೆಯ ಮೇಲೆ ಬೆಚ್ಚಗಿತ್ತು.

ಚಾಂದಮಾರಿಯಲ್ಲಿ ಮಳೆ ನಿಂತಿತ್ತು. ಅಪ್ಪ ತಾಡಪತ್ರಿಯ ಮೇಲೆ ಬೋರಲು ಮಲಗಿ ಹೊಡೆಯುತ್ತಿದ್ದ, ಸುಬೇದಾರ ಕಾಕಾ ಕಿವಿಗೆ ಅರಳೆ ತುರುಕಿಕೊಂಡು ಅವನ ಹಿಂದೆಯೇ ನಿಂತಿದ್ದರು. ಮೊದಲ ಸುತ್ತು ಎಷ್ಟು ಚೆನ್ನಾಗಿ ಹೋಯಿತೆಂದರೆ ಸುತ್ತಲಿನವರು ತಮ್ಮ ಕೆಲಸ ಬಿಟ್ಟು ನೋಡಲು ಬಂದರು. ಎರಡನೆಯದು ಬೇಗ ಬೇಗ ಹೊಡೆಯುವ ಸುತ್ತು. ಢಂ, ಢಂ ಅನ್ನುತ್ತಿದ್ದದ್ದು ನಡುವೆ ಒಮ್ಮೆ ಟುಸ್ ಅಂದಿತು. ಬಾಟಲಿಯ ಬಿರಡೆ ಕಿತ್ತಂಥ ಸದ್ದು. ಸುತ್ತಿನ ಅವಸರದಲ್ಲಿದ್ದ ಅಪ್ಪ ಖಾಲಿ ನಳಿಗೆ ಹಾರಿಸಿ, ಇನ್ನೊಂದು ತೋಟಾ ಒಳಗೆ ತಳ್ಳಿ, ಕೆನ್ನೆಯನ್ನು ರೈಫಲ್ಲಿನ ಮರದ ಹಿಡಿಗೆ ಹಚ್ಚಿಬಿಟ್ಟಿದ್ದ.

"ನಿಂದ್ರಲೇ! ಕೈ ತಗೀ! ಕೈ ತಗೀ!"

ಸುಬೇದಾರ ಕಾಕಾ ಕೂಗಿದ ರಭಸಕ್ಕೆ ನಾನು ರೊಟ್ಟಿಯ ಗಂಟು ಕೆಸರಿಗೆ ಬೀಳಿಸಿದೆ. ಅವರು ಮೊಣಕಾಲೂರಿ ಅಪ್ಪನ ಬೆರಳನ್ನು ಹಿಡಿದೇ ಬಿಟ್ಟಿದ್ದರು. ತೋಟಾ ತೆಗೆಸಿ, ರೈಫಲ್ಲಿನ ಕೊಳವೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿಸಿದರೆ, ಒಳಗೆ ಬೆಳಕೇ ಇಲ್ಲ. ಮದ್ದಿಲ್ಲದ ತೋಟಾ. ಬರೀ ಟೋಪಿಯ ಕಿಡಿಗೆ ಗುಂಡು ಒಂದಿಷ್ಟು ದೂರ ಹೋಗಿ ಕೊಳವೆಯ ನಡುವೆಯೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹೊಡೆದಿದ್ದರೆ ಕೊಳವೆ ಸೀಳಿ ಅಪ್ಪನ ಮುಖಕ್ಕೆ ಬರುತ್ತಿತ್ತು. ಇದನ್ನು ಸುಬೇದಾರ ಕಾಕಾ ಮೆಲ್ಲನೆಯ ದನಿಯಲ್ಲಿ ಹೇಳಿದರು. ಅವರಿಗೆ ಮೆಲ್ಲನೆಯ ದನಿ ಇದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಅಪ್ಪ ತಾಡಪತ್ರಿಯ ಮೇಲೆ ಎದ್ದು ಕೂತು, ಕೈ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಹೆಸರು ಹಿಂದಕ್ಕೆ ತೆಗೆದುಕೊಂಡ.

ಮನೆಗೆ ಬಂದು ಉಳಿದ ತೋಟಾಗಳನ್ನೆಲ್ಲ ಬಿಚ್ಚಿ ನೋಡಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದರಲ್ಲಿ ಮದ್ದು ಸರಿಯಾಗಿತ್ತು, ಇನ್ನೊಂದರಲ್ಲಿ ಸರಿಯಾಗಿತ್ತು, ಮತ್ತೊಂದರಲ್ಲಿ ಕಾಳೇ ಇಲ್ಲ. ಒಂದರಲ್ಲಿ ಅರ್ಧ. ಅಪ್ಪ ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಅತ್ತು ಹಗುರಾಗುತ್ತಿದ್ದೆನೇನೋ. ಅವನು ಬೈಯಲಿಲ್ಲ. "ಬಿಡು, ಕೂಸ ಐತಿ. ತಪ್ಪ ನಂದು" ಎಂದು ಅವ್ವನಿಗೆ ಹೇಳಿ, ತಕ್ಕಡಿಯ ಗಾಜಿನ ಪೆಟ್ಟಿಗೆಯನ್ನು ಎತ್ತಿ ನನ್ನ ಕೈಗೆ ಎಟುಕದ ಮೇಲಿನ ಹಲಗೆಯ ಮೇಲೆ ಇಟ್ಟ. ಆಯಿಗೆ ಹೇಳಬೇಡ, ಅವಳ ಎದೆ ಒಡೆದೀತು ಎಂದು ಅವ್ವನಿಂದ ಮಾತು ತೆಗೆದುಕೊಂಡ. ಅವತ್ತು ನನಗೆ ಬಂದ ಸಿಟ್ಟು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಅಲ್ಲ, ಬ್ಯಾಟರಿ ಬಿಟ್ಟು ನೋಡಬೇಕಾದವನು ಅವನಲ್ಲವೇ? ತಪ್ಪು ತನ್ನದು ಎಂದು ಬಾಯಲ್ಲಿ ಹೇಳಿ ತಕ್ಕಡಿಯನ್ನು ನನ್ನಿಂದ ಕಿತ್ತುಕೊಂಡರೆ ಅದಕ್ಕೇನು ಅರ್ಥ?

ಆದರೆ ಸಿಟ್ಟಿಗಿಂತ ಕೆಟ್ಟದ್ದೊಂದು ಒಳಗೆ ಶುರುವಾಗಿತ್ತು. ನಾನು ಹಾಕಿದ್ದೆ, ನನಗೆ ನೆನಪಿತ್ತು. ಪ್ರತಿ ನಳಿಗೆಗೂ ಮದ್ದು ಸುರಿಯುವಾಗ ಆಗುವ ಸಣ್ಣ ಜರ್ ಸದ್ದು ಕಿವಿಯಲ್ಲಿತ್ತು. ಆದರೆ ಮದ್ದು ಇರಲಿಲ್ಲ, ಅದನ್ನು ಕಣ್ಣಾರೆ ಕಂಡಿದ್ದೆ. ಹಾಗಿದ್ದರೆ ನೆನಪು ಸುಳ್ಳೇ? ಹಾಕಿದೆ ಅಂದುಕೊಂಡು ಹಾಕದೇ ಇರಲು ಸಾಧ್ಯವೇ? ಶಾಲೆಗೆ ಹೋಗುವಾಗ ಪಾಟಿ ತಗೊಂಡೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಚೀಲ ಬಿಚ್ಚಿ ನೋಡತೊಡಗಿದೆ. ಬಾಗಿಲು ಮುಚ್ಚಿ, ಮುಚ್ಚಿದೆನೋ ಇಲ್ಲವೋ ಎಂದು ತಿರುಗಿ ಬರುತ್ತಿದ್ದೆ. ಮುಂದೆ ಜಮಖಂಡಿಯಲ್ಲಿ ಔಷಧದ ಅಂಗಡಿ ನಡೆಸುವಾಗ ಗುಳಿಗೆಗಳನ್ನು ಎಣಿಸಿ, ಮತ್ತೆ ಎಣಿಸಿ, ಗಿರಾಕಿ ಮೆಟ್ಟಿಲು ಇಳಿದ ಮೇಲೂ ಕರೆದು ಪೊಟ್ಟಣ ಬಿಚ್ಚಿಸುತ್ತಿದ್ದೆ. "ಅಕ್ಕಾರ ಅಂಗಡ್ಯಾಗ ಗುಳಗಿ ತಗೊಳ್ಳೂದ್ರಾಗ ಜಡ್ಡ ತಾನ ಕಡಿಮಿ ಆಕ್ಕೈತಿ" ಎಂದು ಮಂದಿ ಚೇಷ್ಟೆ ಮಾಡುತ್ತಿದ್ದರು. ಮಾಡಲಿ. ಅವರಿಗೇನು ಗೊತ್ತು.

ಅದಾಗಿ ಕೆಲವು ದಿನಗಳ ಮೇಲೆ, ಅಡಿಗೆಮನೆಯಲ್ಲಿ ಆಯಿ ಬೆಲ್ಲದ ಡಬ್ಬಿಗೆ ಮುತ್ತಿದ ಇರುವೆಗಳನ್ನು ಬಾಳೆಯೆಲೆಯ ತುಂಡಿನ ಮೇಲೆ ಇಳಿಸುತ್ತಿದ್ದಳು. ನಾನು ಪಕ್ಕದಲ್ಲಿ ಹೆಸರುಕಾಳು ಆರಿಸುತ್ತಿದ್ದೆ. ಆಯಿ ತಾನಾಗಿಯೇ, ಬಹಳ ಸಂತೋಷದಿಂದ ಹೇಳತೊಡಗಿದಳು.

"ಮೊನ್ನೆ ಮಳಿಯಾಗ ಇವು ತತ್ತಿ ಹೊತ್ಕೊಂಡು ಸಾಲ ಹಚ್ಚಿ ಹೊಂಟಿದ್ವು ನೋಡು. ನಸುಕಿನಾಗ ಎದ್ದ ಕೂಡಲೇ ಕಂಡ್ನಿ. ಎಲ್ಲಿಗ ಹೊಂಟಾವಂತ ಹಿಂದ ಹ್ವಾದ್ರ, ನಿಮ್ಮಪ್ಪನ ಆ ಕ್ವಾಣ್ಯಾಗ! ಗ್ವಾಡಿ ಬಾಜೂಕಿನ ಹಿತ್ತಾಳಿ ನಳಿಗ್ಯಾಗ ಒಣಾ ಜಾಗಾ ಅಂತ ಹೊಕ್ಕೊಂಡ ಕುಂತಿದ್ವು."

"ನೀ ಒಳಗ ಹೋಗಿದ್ದೇನ ಆಯಿ? ಆ ಕೋಣಿಗೆ?"

"ಮತ್ತೇನ್ ಮಾಡ್ಲಿ? ಅವ ಬಂದು ಮ್ಯಾಲೆ ಗುಂಡ ಜಡದ್ರ ಪಾಪ ತತ್ತಿ ಸೈತ ಉಸರಗಟ್ಟಿ ಸಾಯ್ತಿದ್ವು. ಹೊಕ್ಕಿದ್ದೂವೆಲ್ಲಾ ಒಂದೊಂದ ತಗದು ಅಂಗೈ ಮ್ಯಾಲೆ ಝಾಡಿಸಿದ್ನಿ. ಒಂದೂ ಸಾಯ್ಲಿಲ್ಲ ನೋಡು."

ಕಾಳಿನ ಮೊರ ನನ್ನ ಕೈಯಲ್ಲಿ ಹಾಗೆಯೇ ನಿಂತಿತು.

"ಅದ್ರಾಗ ಕರೀ ಕಾಳ ಇರಲಿಲ್ಲಾ ಆಯಿ?"

"ಇತ್ತಲ್ಲಾ, ಎಂಥಾದೋ ಕಸ. ಅದನೂ ಬಳದ ಹಿತ್ತಲದಾಗ ಚೆಲ್ಲಿದ್ನಿ. ನಳಿಗಿ ಇದ್ದಲ್ಲೇ ಇಟ್ಟ ಬಂದ್ನಿ. ನಿಮ್ಮಪ್ಪಗ ಹೇಳಬ್ಯಾಡ, ಅವ್ವ ನಮ್ಮ ಕ್ವಾಣ್ಯಾಗ ಬಂದಿದ್ಲಂತ ನಗ್ತಾನ."

ಮೊರ ಕೆಳಗಿಟ್ಟು ಓಡಿದೆ. ನಾನು ಹಾಕಿದ್ದೆ, ನನ್ನ ನೆನಪು ಸುಳ್ಳಲ್ಲ, ನನ್ನ ಕೈ ಸುಳ್ಳಲ್ಲ! ಆ ಸಂತೋಷದಲ್ಲಿ ನಡುಮನೆಯ ಹೊಸ್ತಿಲಿಗೆ ಕಾಲು ತಾಗಿ ಬಿದ್ದು ಎದ್ದು ನೂಲಿನ ಕೋಣೆಯ ಬಾಗಿಲಿಗೆ ಹೋದೆ. ಅಪ್ಪ ಒಬ್ಬನೇ ಕೂತು ರೈಫಲ್ ಒರೆಸುತ್ತಿದ್ದ. "ಏನವಾ?" ಅಂದ. ಬಾಯಿ ತೆರೆದೆ, ಅಷ್ಟರಲ್ಲಿ ಹಿಂದಿನ ವರ್ಷದ ಸಂಗತಿ ನೆನಪಾಯಿತು. ಹಿಂದಿನ ಮಳೆಗಾಲದಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಒಂದು ಹಲ್ಲಿ ಸತ್ತಿತ್ತು. ಬಾಗಿಲು ಹಾಕಿದವಳು ಆಯಿ. ಆ ಹಲ್ಲಿಗಾಗಿ ಅವಳು ಮಳೆಗಾಲ ಮುಗಿಯುವ ತನಕ ಉಪ್ಪು ಬಿಟ್ಟಿದ್ದಳು. ಸಪ್ಪೆ ರೊಟ್ಟಿ, ಸಪ್ಪೆ ಬೇಳೆ ನುಂಗುತ್ತ ಕಡ್ಡಿಯಾಗಿದ್ದಳು. ಒಂದು ಹಲ್ಲಿಗೆ ಉಪ್ಪು ಬಿಟ್ಟವಳು, ತನ್ನ ಕೈಯಿಂದ ಹೊಟ್ಟೆಯ ಮಗನೇ ಹೋಗುತ್ತಿದ್ದ ಎಂದು ತಿಳಿದರೆ ಏನು ಬಿಟ್ಟಾಳು? ಅನ್ನ ನೀರು ಬಿಟ್ಟಾಳು, ಮತ್ತೇನು. ಅಪ್ಪನಿಗೆ ಹೇಳಿದರೆ ಅವನ ಮುಖದಲ್ಲೇ ಅವಳಿಗೆ ತಿಳಿದುಬಿಡುತ್ತದೆ, ಅವನಿಗೆ ಮುಚ್ಚಿಡಲು ಬರುವುದಿಲ್ಲ. ಇಷ್ಟೆಲ್ಲ ಅವತ್ತು ಸರಿಯಾಗಿ ಯೋಚಿಸಿದೆ ಅಂತ ಹೇಳಲಾರೆ. ತಲೆಯೆಲ್ಲ ನೂಲಿನ ಗಂಟಾಗಿತ್ತು. "ಏನಿಲ್ಲಪ್ಪಾ" ಎಂದು ತಿರುಗಿ ಬಂದೆ.

ಆದರೆ ಸುಬೇದಾರ ಕಾಕಾನ ಬಾಯಿಗೆ ಬೀಗ ಹಾಕುವವರು ಯಾರು? ಮುಂದಿನ ವಾರ ಬಂದವರು ಪಡಸಾಲೆಯಲ್ಲಿ ಕೂತು, ಮಜ್ಜಿಗೆಯ ಲೋಟ ಹಿಡಿದುಕೊಂಡೇ ಆಯಿಗೆ ಹೇಳಿಬಿಟ್ಟರು.

"ದೇವರ ದೊಡ್ಡಾವ ನೋಡ್ರಿ ತಾಯಿ! ಕೂಸು ಮದ್ದ ಹಾಕೂದ ಮರ್ತು, ನಿಮ್ಮ ಮಗಾ ಕೂದಲೆಳಿಯಾಗ ಉಳದಾನ."

ಅವ್ವ ಕಣ್ಣು ಮಾಡಿದಳು, ಅಪ್ಪ ಕೆಮ್ಮಿದ. ಹೊತ್ತು ಮೀರಿತ್ತು. ಆಯಿ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಕೊಳವೆ ಹೇಗೆ ಸೀಳುತ್ತದೆ, ಮುಖಕ್ಕೆ ಹೇಗೆ ಬಡಿಯುತ್ತದೆ, ಎಲ್ಲ. ಮದ್ದು ಹೇಗಿರುತ್ತದೆ ಎಂದು ಮಾತ್ರ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ಆಯಿ ನನ್ನನ್ನು ಹಾಗೆ ನೋಡಿದ್ದು ಜೀವನದಲ್ಲಿ ಒಂದೇ ಸಲ.

"ಇರಿವಿ ತುಳದೇವಂತ ಅಂಜೂ ಮನ್ಯಾಗ ಹುಟ್ಟಿ, ಹಡದಪ್ಪನ ಜೀವದ ಮ್ಯಾಲೆ ನಿನ್ನ ಧ್ಯಾಸ ಇರಲಿಲ್ಲೇನ ಬೇ? ಎಲ್ಲಿತ್ತ ನಿನ್ನ ಮನಸು?"

ನನಗೆ ಅಳು ಬರಲಿಲ್ಲ, ನಗು ಬರುವಂತಾಯಿತು. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಮರ್ತಿದ್ನಿ ಆಯಿ," ಅಂದೆ.

ಆಯಿ ನನ್ನನ್ನು ಹತ್ತಿರ ಕರೆದು, ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಬೇಕು, ಭಾದ್ರಪದದ ಹತ್ತು ದಿನಗಳ ದಶಲಕ್ಷಣ ಪರ್ವ ಮುಗಿಯುವ ತನಕ ಸಿಹಿ ಮುಟ್ಟಬಾರದು, ದಿನಾ ತನ್ನ ಜೊತೆ ಕೂತು ಜಪ ಮಾಡಬೇಕು ಎಂದಳು. ಹೂಂ ಅಂದೆ. ಅವಳ ಸಿಟ್ಟು ಅಷ್ಟಕ್ಕೇ ಇಳಿದಿತ್ತು. "ಒಬ್ಬಾಕಿನ ಬಿಟ್ರ ನಿನಗ ಜಡ ಆಕ್ಕೈತಿ, ನಾನೂ ನಿನ್ನ ಕೂಡ ಬಿಡ್ತೇನಿ" ಎಂದು ನನ್ನ ಜಡೆ ನೇವರಿಸಿದಳು. ಹಾಗೆ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಒಂದೇ ತಪ್ಪಿಗೆ ಜಪ ಮಾಡಿದೆವು. ಮಣಿ ಎಣಿಸುವಾಗ ಕಣ್ಣು ತೆರೆದು ಅವಳ ಮುಖ ನೋಡುತ್ತಿದ್ದೆ. ಅವಳು ನನಗಾಗಿ ಬೇಡಿಕೊಳ್ಳುತ್ತಿದ್ದಳು, ನಾನು ಯಾರಿಗಾಗಿ ಬೇಡಿಕೊಳ್ಳಬೇಕು? ಇರುವೆಗಳಿಗಾಗಿಯೇ? ಆ ದಿನಗಳಲ್ಲಿ ನನ್ನಲ್ಲಿ ಪುಣ್ಯ ಪಾಪಗಳ ಲೆಕ್ಕವೆಲ್ಲ ಕಲಸಿಹೋಯಿತು, ಮತ್ತೆ ಯಾವತ್ತೂ ಸರಿಹೋಗಲಿಲ್ಲ.

ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಬರುತ್ತದೆ. ಬಸದಿಯಿಂದ ಬಂದು ಮನೆಯಲ್ಲಿ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಾರೆ. ದೊಡ್ಡವರು ಸಣ್ಣವರು ಎಂಬುದಿಲ್ಲ. ನಾನು ಅಪ್ಪನ ಮುಂದೆ ನಿಂತು ಕೈ ಮುಗಿದೆ. "ಮಾಡೇನವಾ" ಎಂದು ಅಪ್ಪ ತಲೆ ಮುಟ್ಟಿದ, ಆಮೇಲೆ ದನಿ ಇಳಿಸಿ, "ಇನ್ನ ಮ್ಯಾಲೆ ಎರಡ ಸಲ ನೋಡ್ಬೇಕ, ಹಾಂ?" ಅಂದ. ಅಷ್ಟರಲ್ಲಿ ಆಯಿ ಕೋಲು ಗೋಡೆಗೆ ಆನಿಸಿ ನನ್ನ ಕಡೆ ಬಂದಳು. ಬಾಗಿದ ಬೆನ್ನನ್ನು ಇನ್ನೂ ಬಾಗಿಸಿ, ಎರಡೂ ಕೈ ಜೋಡಿಸಿ, ಪ್ರತಿ ವರ್ಷ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು.

"ತಿಳಿದೋ ತಿಳೀದನೋ ನನ್ನಿಂದ ನಿನಗ ನೋವಾಗಿದ್ರ ಕ್ಷಮಾ ಮಾಡವಾ ಪದ್ಮಾ."

ನಾನು ಅವಳ ಜೋಡಿಸಿದ ಅಂಗೈಗಳನ್ನೇ ನೋಡುತ್ತ ನಿಂತೆ. ಅವ್ವ ನನ್ನ ಬೆನ್ನಿಗೆ ತಿವಿದಳು. ಆಯಿ ಕೈ ಇಳಿಸದೆ ನಗುತ್ತ, "ಯಾಕ ಬೇ, ಮಾಡಂಗಿಲ್ಲೇನು? ಏನ ತಪ್ಪಂತ ಮೊದಲ ಹೇಳ್ಬೇಕೇನು?" ಅಂದಳು.

"ಬ್ಯಾಡ ಆಯಿ, ಹೇಳಬ್ಯಾಡ," ಅಂದೆ. "ಮಾಡೇನಿ."

ಆಯಿ ನನ್ನ ಕೆನ್ನೆ ತಟ್ಟಿ ಅವ್ವನ ಕಡೆ ಹೋದಳು. ಮುಂದಿನ ವರ್ಷ ಅಪ್ಪ ರೈಫಲ್ಲನ್ನು ಒಂದು ಕ್ಲಬ್ಬಿಗೆ ಒಪ್ಪಿಸಿದ, ನೂಲಿನ ಕೋಣೆಗೆ ಮತ್ತೆ ನೂಲು ಬಂತು. ಆಯಿ ಬಹಳ ವರ್ಷ ಬದುಕಿದಳು. ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ, "ನೋಡ್ಕೋತ ಮಾಡವಾ, ನಿನಗ ಮರವು ಬಾಳ" ಎಂದು ಪ್ರೀತಿಯಿಂದ ಎಚ್ಚರಿಸುತ್ತಲೇ ಇದ್ದಳು.

ಅವಳು ಹೋದ ಮೇಲೆ, ದಿನಗಳೆಲ್ಲ ಮುಗಿದು ನೆಂಟರು ಊರಿಗೆ ಹೊರಟ ಮೇಲೆ, ಅಪ್ಪನಿಗೆ ಹೇಳಿದೆ. ಅವನಿಗೂ ಆಗ ವಯಸ್ಸಾಗಿತ್ತು, ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಮಳೆ, ಇರುವೆಯ ಸಾಲು, ಆಯಿಯ ಅಂಗೈ, ಎಲ್ಲ ಹೇಳಿದೆ. ನನ್ನನ್ನು ನಂಬಿದನೋ, ನನ್ನ ಮೇಲೆ ಸಿಟ್ಟಾದನೋ, ತಾಯಿಯನ್ನು ನೆನೆದು ಅಳುತ್ತಾನೋ ಎಂದು ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ಗೊತ್ತಾಗಲಿಲ್ಲ. ಕೊನೆಗೆ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಕೇಳಿದ.

"ಇರಿವಿ ಉಳದಿದ್ವೇನು?"

"ಹೂಂ ಅಪ್ಪಾ. ಎಲ್ಲಾ ಉಳದಿದ್ವಂತ."

"ಛಲೋ ಆತು," ಅಂದ ಅಪ್ಪ.